ಭೂ ಬಳಕೆ ಮೇಲ್ಮನವಿ ಮಂಡಳಿಯ ಸದಸ್ಯರಾದಿರಾ? ಕಡತ ಬಿಚ್ಚುವುದರಿಂದ ಆದೇಶದ ಸಹಿಯವರೆಗೆ

ಭೂ ಬಳಕೆ ತಕರಾರುಗಳನ್ನು ತೀರ್ಮಾನಿಸುವ ಮಂಡಳಿಗೆ ಹೊಸದಾಗಿ ಬಂದವರ ಕೈಗೆ ಮೊದಲ ಸಭೆಗೆ ಮುಂಚೆ ದಪ್ಪನೆಯ ಕಡತವೊಂದು ಬರುತ್ತದೆ. ಒಳಗೆ ನಕ್ಷೆ, ನೋಟಿಸು, ಅಧಿಕಾರಿಯ ವರದಿ, ಪಕ್ಕದ ಮನೆಯವರ ಆಕ್ಷೇಪಣೆ ಎಲ್ಲ ಇರುತ್ತವೆ. ಹೆಚ್ಚಿನವರು ಆಕ್ಷೇಪಣೆಯನ್ನೇ ಮೊದಲು ಓದುತ್ತಾರೆ, ಜಗಳ ಇರುವುದು ಅಲ್ಲೇ ತಾನೇ! ಎಡವುವುದೂ ಅಲ್ಲೇ. ಯಾರು ಒಳ್ಳೆಯವರು, ಯಾರು ಜಗಳಗಂಟರು ಎಂಬ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ನಕ್ಷೆಯ ಅಳತೆಗಳೂ ಅದೇ ಬಣ್ಣದಲ್ಲಿ ಕಾಣತೊಡಗುತ್ತವೆ.

ಈ ಕೆಲಸ ರಾಜಿ ಪಂಚಾಯಿತಿಯಲ್ಲ. ಊರಿನ ಯೋಜನೆ ರೂಪಿಸುವ ಕೆಲಸವೂ ಅಲ್ಲ, ಅದನ್ನು ಬೇರೆಯವರು ಮಾಡಿ ಮುಗಿಸಿದ್ದಾರೆ. ಒಂದು ಜಾಗ, ಒಂದು ನಿಯಮ, ಒಂದು ಅರ್ಜಿ, ಈ ಮೂರೂ ಹೊಂದುತ್ತವೆಯೇ ಎಂದು ನೋಡಿ, ಕಾರಣ ಬರೆದು ಹೇಳುವುದಷ್ಟೇ ಮಂಡಳಿಯ ಪಾಲು. ನ್ಯೂಯಾರ್ಕ್ ನಗರ 1916ರಲ್ಲಿ ವಲಯ ನಿಯಮಗಳನ್ನು (ಊರಿನ ಯಾವ ಭಾಗದಲ್ಲಿ ಏನು, ಎಷ್ಟು ಕಟ್ಟಬಹುದು ಎಂಬ ನಿಯಮಗಳು) ತಂದಾಗ ಜೊತೆಯಲ್ಲೇ ಮೇಲ್ಮನವಿ ಮಂಡಳಿಯೊಂದನ್ನೂ ಮಾಡಿಕೊಂಡಿತು. ಇಡೀ ನಗರಕ್ಕೆ ಬರೆದ ನಿಯಮ ಪ್ರತಿ ನಿವೇಶನದ ಸೊಟ್ಟ ಮೂಲೆಯನ್ನೂ ಮೊದಲೇ ಊಹಿಸಲಾರದು ಎಂಬುದು ಆಗಲೇ ಗೊತ್ತಿತ್ತು.

ಕಡತ ಓದುವ ಕ್ರಮ

ಮೊದಲು ಯಾವ ಆದೇಶದ ಮೇಲೆ ಮೇಲ್ಮನವಿ ಬಂದಿದೆಯೋ ಆ ಆದೇಶವನ್ನು ಓದಿ. ಅದರ ದಿನಾಂಕ, ಅದು ಅರ್ಜಿದಾರನ ಕೈ ಸೇರಿದ ದಿನಾಂಕ, ಮೇಲ್ಮನವಿ ದಾಖಲಾದ ದಿನಾಂಕ, ಈ ಮೂರನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಕಾಲಮಿತಿ ಮೀರಿದ್ದರೆ ಮೊದಲ ಪ್ರಶ್ನೆಯೇ ಅದು. ವಿಳಂಬ ಮನ್ನಿಸುವ ಅಧಿಕಾರ ಮಂಡಳಿಗೆ ಇದೆಯೇ, ಇದ್ದರೆ ಎಷ್ಟು ದಿನದವರೆಗೆ ಎಂಬುದನ್ನು ನಿಯಮದಲ್ಲೇ ನೋಡಬೇಕು. ಮೂರು ಸಭೆ ಕೂತು ವಾದ ಕೇಳಿದ ಮೇಲೆ ಮೇಲ್ಮನವಿಯೇ ತಡವಾಗಿತ್ತು ಎಂದು ಗೊತ್ತಾದರೆ ಎಲ್ಲರ ಸಮಯವೂ ಹಾಳು.

ಎರಡನೆಯದು, ತಕರಾರು ಯಾವ ಬಗೆಯದು ಎಂದು ಗುರುತಿಸುವುದು. ಪರವಾನಗಿ ನಿರಾಕರಿಸಿದ್ದಕ್ಕೆ ಅರ್ಜಿದಾರ ಬಂದಿದ್ದಾನೆಯೇ? ಕೊಟ್ಟಿದ್ದಕ್ಕೆ ನೆರೆಯವರು ಬಂದಿದ್ದಾರೆಯೇ? ನಿಯಮದ ಒಂದು ಪದದ ಅರ್ಥದ ಬಗ್ಗೆ ಜಗಳವೇ? ವಿನಾಯಿತಿ ಬೇಕೆಂಬ ಕೋರಿಕೆಯೇ? ಅಥವಾ ವಲಯ ನಿಯಮ ಬರುವ ಮೊದಲೇ ನಡೆಯುತ್ತಿದ್ದ ಬಳಕೆಯನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆಯೇ? ಈ ಒಂದೊಂದಕ್ಕೂ ಅಳತೆಗೋಲು ಬೇರೆ. ಕೊನೆಯದಕ್ಕೆ ಒಂದು ಉದಾಹರಣೆ ಹೇಳುವುದಾದರೆ, ವಸತಿ ವಲಯ ಘೋಷಣೆಯಾಗುವ ಮೊದಲೇ ಇದ್ದ ಹಿಟ್ಟಿನ ಗಿರಣಿ. ಅಲ್ಲಿ ಗಿರಣಿ ಒಳ್ಳೆಯದೋ ಕೆಟ್ಟದ್ದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಎಂದಿನಿಂದ ನಡೆದಿದೆ, ನಡುವೆ ನಿಂತಿತ್ತೇ, ಮೋಟಾರು ಮತ್ತು ಜಾಗ ದೊಡ್ಡದಾಗಿವೆಯೇ ಎಂಬುದಕ್ಕೆ ವಿದ್ಯುತ್ ಬಿಲ್ಲು, ತೆರಿಗೆ ರಸೀದಿಗಳೇ ಸಾಕ್ಷಿ.

ಯಾವುದು ಮಂಡಳಿಯ ಕೆಲಸವಲ್ಲ ಎಂಬುದೂ ಈಗಲೇ ತೀರ್ಮಾನವಾಗಲಿ. ಜಾಗ ಯಾರದು, ಪಾಲು ಆಗಿದೆಯೇ, ಚೆಕ್ಕುಬಂದಿ ಸರಿಯಿದೆಯೇ ಎಂಬ ಜಗಳಗಳಿಗೆ ಸಿವಿಲ್ ನ್ಯಾಯಾಲಯವಿದೆ. ನಿಯಮವೇ ಅನ್ಯಾಯದ್ದು, ಅದನ್ನೇ ತೆಗೆದುಹಾಕಿ ಎನ್ನುವವರೂ ಬರುತ್ತಾರೆ. ವಲಯ ನಿಯಂತ್ರಣವೇ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ 1926ರಲ್ಲಿ ಯೂಕ್ಲಿಡ್ ಎಂಬ ಹಳ್ಳಿಯ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಅಂಥ ಪ್ರಶ್ನೆಗೆ ಜಾಗ ಅದೇ. ನಿಯಮದಡಿ ಹುಟ್ಟಿದ ಮಂಡಳಿ ಆ ನಿಯಮವನ್ನೇ ರದ್ದುಮಾಡಲಾರದು.

ನಂತರ ನಕ್ಷೆ. ಇಲ್ಲಿ ಒಂದು ಸಣ್ಣ ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. 1:100 ಅಳತೆಯ ನಕ್ಷೆಯಲ್ಲಿ 1.5 ಮೀಟರ್ ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ) ಎಂದರೆ ಕಾಗದದ ಮೇಲೆ 15 ಮಿಲಿಮೀಟರ್. ಸದಸ್ಯರಿಗೆ ಹಂಚಲೆಂದು ಕಚೇರಿಯವರು ಎ3 ಹಾಳೆಯನ್ನು ಎ4ಗೆ ಜೆರಾಕ್ಸ್ ಮಾಡಿರುತ್ತಾರೆ. ಆಗ ಎಲ್ಲವೂ ಶೇ 71ಕ್ಕೆ ಕುಗ್ಗುತ್ತದೆ. ಅದೇ ಗೆರೆ ಈಗ 10.6 ಮಿಲಿಮೀಟರ್. ಸ್ಕೇಲು ಇಟ್ಟು ಅಳೆದವರಿಗೆ 1.06 ಮೀಟರ್ ಮಾತ್ರ ಸಿಗುತ್ತದೆ, ಸುಮಾರು ಅರ್ಧ ಮೀಟರ್ ನುಂಗಿದ್ದಾರೆ ಅನ್ನಿಸುತ್ತದೆ. ಆದ್ದರಿಂದ ಸ್ಕೇಲು ಬದಿಗಿಡಿ, ನಕ್ಷೆಯ ಮೇಲೆ ಅಂಕಿಯಲ್ಲಿ ಬರೆದ ಅಳತೆಯನ್ನೇ ನಂಬಿ. ಅಂಕಿ ಇಲ್ಲದಿದ್ದರೆ ಮೂಲ ಹಾಳೆ ತರಿಸಿ.

ನೆಲದ ವಿಸ್ತೀರ್ಣದ ಲೆಕ್ಕವನ್ನು ಅಧಿಕಾರಿಯ ವರದಿಯಿಂದ ಎತ್ತಿಕೊಳ್ಳದೆ ನೀವೇ ಒಮ್ಮೆ ಹಾಕಿ. ನಿವೇಶನ 12 ಮೀಟರ್ ಅಗಲ, 18 ಮೀಟರ್ ಉದ್ದ ಎಂದುಕೊಳ್ಳಿ, 216 ಚದರ ಮೀಟರ್ ಆಯಿತು. ನಿಯಮ ಕೊಡುವ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.75 ಆದರೆ ಒಟ್ಟು 378 ಚದರ ಮೀಟರ್ ಕಟ್ಟಬಹುದು. ಮೂರು ಮಹಡಿ, ಒಂದೊಂದೂ 120, ಒಟ್ಟು 360, ಮಿತಿಯೊಳಗೇ ಇದೆ. ಮುಚ್ಚಿದ ಬಾಲ್ಕನಿ ಮತ್ತು ಮೆಟ್ಟಿಲ ಮನೆಯ 24 ಸೇರಿಸಿದರೆ 384, ಮಿತಿ ದಾಟಿತು. ಆಕ್ಷೇಪಣೆಯಲ್ಲಿ ಹತ್ತು ಪುಟ ಗಾಳಿ, ಬೆಳಕು, ನೆರಳು ಎಂದು ಬರೆದಿದ್ದರೂ ಪ್ರಕರಣ ನಿಂತಿರುವುದು ಆ 24 ಚದರ ಮೀಟರ್ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂಬ ವ್ಯಾಖ್ಯೆಯ ಮೇಲೆ. ವ್ಯಾಖ್ಯೆಗಳ ಅಧ್ಯಾಯವನ್ನು ಓದದೆ ಸಭೆಗೆ ಹೋಗಬಾರದು ಎನ್ನುವುದು ಇದಕ್ಕೇ.

ಆಕ್ಷೇಪಣೆ ಕೊನೆಗೆ.

ನೀವು ಆ ಕುರ್ಚಿಯಲ್ಲಿ ಕೂರಬಹುದೇ?

ಅರ್ಜಿದಾರ ನಿಮ್ಮ ನೆಂಟನೇ, ಪಾಲುದಾರನೇ, ಸಾಲ ಕೊಟ್ಟವನೇ? ಜಾಗದ ಹತ್ತಿರ ನಿಮ್ಮದೂ ಆಸ್ತಿ ಇದೆಯೇ? ಈ ಯೋಜನೆಯ ಪರ ಅಥವಾ ವಿರುದ್ಧ ಸಹಿ ಹಾಕಿದ್ದೀರಾ, ಎಲ್ಲಾದರೂ ಮಾತಾಡಿದ್ದೀರಾ? ಒಂದಕ್ಕೆ ಹೌದು ಎಂದಾದರೂ ವಿಚಾರಣೆಗೆ ಮೊದಲೇ ಕಾರ್ಯದರ್ಶಿಗೆ ಬರೆದು ತಿಳಿಸಿ. ಆಗ ಕೋರಂ ಮುರಿಯದಂತೆ ಬದಲಿ ವ್ಯವಸ್ಥೆ ಮಾಡಲು ಅವರಿಗೂ ವೇಳೆ ಸಿಗುತ್ತದೆ. ಸಭೆಯ ದಿನ ಹಿಂದೆ ಸರಿದವರು ಕೊಠಡಿಯಿಂದ ಹೊರಗೇ ಹೋಗಬೇಕು. ‘ಓಟು ಹಾಕುವುದಿಲ್ಲ, ಸುಮ್ಮನೆ ಕೂತಿರುತ್ತೇನೆ’ ಎನ್ನುವುದು ನಡೆಯದು. ಇಂಗ್ಲೆಂಡಿನ 1924ರ ಸಸೆಕ್ಸ್ ಪ್ರಕರಣದಲ್ಲಿ ಗುಮಾಸ್ತನೊಬ್ಬ ನ್ಯಾಯಾಧೀಶರ ಜೊತೆ ಒಳಕೋಣೆಗೆ ಹೋಗಿದ್ದ. ಎದುರು ಪಕ್ಷದ ವಕೀಲರ ಸಂಸ್ಥೆಯ ಸಂಬಂಧ ಅವನಿಗಿತ್ತು. ತೀರ್ಮಾನದ ಬಗ್ಗೆ ಅವರು ಅವನನ್ನು ಏನೂ ಕೇಳಿರಲಿಲ್ಲ. ಆದರೂ ತೀರ್ಪು ರದ್ದಾಯಿತು, ನೋಡುವವರ ಕಣ್ಣಿಗೆ ಅದು ಸರಿ ಕಾಣುತ್ತಿರಲಿಲ್ಲ ಎಂಬುದೊಂದೇ ಕಾರಣಕ್ಕೆ.

ಫೋನು ಬಂದೇ ಬರುತ್ತದೆ. ‘ಸಾರ್, ನಿಮ್ಮ ಮುಂದೆ ನಮ್ಮದೊಂದು ಮ್ಯಾಟರ್ ಇದೆಯಲ್ಲ, ಐದೇ ನಿಮಿಷ’ ಎನ್ನುತ್ತಾರೆ. ಉತ್ತರ ಒಂದೇ: ‘ಹೇಳಬೇಕಾದದ್ದನ್ನು ವಿಚಾರಣೆಯಲ್ಲೇ ಹೇಳಿ, ಇಲ್ಲವೇ ಬರೆದು ಕಚೇರಿಗೆ ಕೊಡಿ’. ಅಷ್ಟು ಹೇಳುವುದರೊಳಗೆ ಅವರು ಏನಾದರೂ ಹೇಳಿಬಿಟ್ಟಿದ್ದರೆ ದಿನಾಂಕ ಸಮೇತ ಗುರುತು ಹಾಕಿಕೊಂಡು ವಿಚಾರಣೆಯ ಆರಂಭದಲ್ಲಿ ಎಲ್ಲರೆದುರು ಹೇಳಿಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ, ವಿಡಿಯೊಗಳಿಗೂ ಇದೇ ದಾರಿ. ಅಳಿಸಬೇಡಿ, ಕಡತಕ್ಕೆ ಸೇರಿಸಿ.

ಸ್ಥಳ ಪರಿಶೀಲನೆ

ಒಬ್ಬರೇ ಹೋಗಬೇಡಿ. ಎರಡೂ ಕಡೆಯವರಿಗೆ ನೋಟಿಸು ಕೊಟ್ಟು, ಮಂಡಳಿಯವರೆಲ್ಲ ಒಟ್ಟಿಗೆ ಹೋಗಬೇಕು. ಅರ್ಜಿದಾರನ ಕಾರಿನಲ್ಲಿ ಹೋಗುವುದು, ಆಕ್ಷೇಪಣೆದಾರರ ಮನೆಯಲ್ಲಿ ಕಾಫಿ ಕುಡಿಯುವುದು ಎರಡೂ ಬೇಡ. ಜಾಗದಲ್ಲಿ ವಾದ ಕೇಳಬೇಡಿ. ‘ಇದು ಯಾವ ಗೋಡೆ’, ‘ಈ ಚರಂಡಿ ಎಲ್ಲಿಗೆ ಹೋಗುತ್ತದೆ’ ಎಂಬಷ್ಟು ಕೇಳಿದರೆ ಸಾಕು.

ಕೈಯಲ್ಲಿ 30 ಮೀಟರಿನ ಟೇಪು, ನಕ್ಷೆಯ ಪೂರ್ಣ ಅಳತೆಯ ಪ್ರತಿ, ದಿಕ್ಸೂಚಿ ಇರಲಿ. ರಸ್ತೆಯ ಅಗಲವನ್ನು ಒಂದೇ ಕಡೆ ಅಳೆದು ಬಿಡಬೇಡಿ. ನಿವೇಶನದ ಎರಡು ಕೊನೆಗಳಲ್ಲಿ ಮತ್ತು ನಡುವೆ, ಮೂರು ಕಡೆ ಅಳೆಯಿರಿ. ಎಷ್ಟೋ ಎತ್ತರದ ಮಿತಿಗಳು ರಸ್ತೆ ಅಗಲಕ್ಕೆ ಅಂಟಿಕೊಂಡಿರುತ್ತವೆ, ಯಾರದೋ ಮೆಟ್ಟಿಲು ರಸ್ತೆಗೆ ಚಾಚಿರುವ ಕಡೆ ಅಳೆದರೆ ಲೆಕ್ಕವೇ ತಪ್ಪುತ್ತದೆ. ಸೆಟ್‌ಬ್ಯಾಕ್ ಅಳೆಯುವಾಗ ಗೋಡೆಯಿಂದಲೋ, ಹೊರಚಾಚಿದ ಸಜ್ಜೆಯಿಂದಲೋ ಎಂಬುದನ್ನು ನಿಯಮ ನೋಡಿಕೊಂಡೇ ಹೋಗಿರಬೇಕು. ಪ್ರತಿ ಫೋಟೊಗೂ ಎಲ್ಲಿ ನಿಂತು ಯಾವ ದಿಕ್ಕಿಗೆ ತೆಗೆದದ್ದು ಎಂದು ಬರೆಯಿರಿ, ಇಲ್ಲದಿದ್ದರೆ ತಿಂಗಳ ಮೇಲೆ ಗೋಡೆಗಳೆಲ್ಲ ಒಂದೇ ಥರ ಕಾಣುತ್ತವೆ. ಗಂಟೆಯೂ ಮುಖ್ಯ: ಶಾಲೆಯ ವಾಹನ ದಟ್ಟಣೆಯ ದೂರಿಗೆ ಮಧ್ಯಾಹ್ನ 12ಕ್ಕೆ ಹೋಗಿ ರಸ್ತೆ ಖಾಲಿ ಇದೆ ಎಂದು ಬರೆದರೆ ಯಾರೂ ಒಪ್ಪುವುದಿಲ್ಲ.

ಅದೇ ದಿನ ಟಿಪ್ಪಣಿ ಬರೆದು, ಪ್ರತಿಯನ್ನು ಎರಡೂ ಕಡೆಯವರಿಗೆ ಕೊಟ್ಟು, ಅವರ ಉತ್ತರಕ್ಕೆ ಅವಕಾಶ ಕೊಡಿ. ನೀವು ಕಂಡದ್ದು ಅವರಿಗೆ ತಿಳಿಯದೆ ಆದೇಶದಲ್ಲಿ ಹಠಾತ್ತನೆ ಬಂದರೆ ಆ ಆದೇಶ ನಿಲ್ಲುವುದಿಲ್ಲ.

ವಿಚಾರಣೆ

ಅನುಮತಿಗೆ ಮೊದಲೇ ಕೆಲಸ ಶುರುಮಾಡಿದವನ ಮಾತೇಕೆ ಕೇಳಬೇಕು ಎಂದು ಕೆಲವು ಸದಸ್ಯರು ಸಿಟ್ಟಾಗುತ್ತಾರೆ. ಕೇಳಲೇಬೇಕು. 1863ರ ಕೂಪರ್ ಪ್ರಕರಣದಲ್ಲಿ ಲಂಡನ್ನಿನ ವಾಂಡ್ಸ್‌ವರ್ತ್ ಮಂಡಳಿ, ತನಗೆ ಏಳು ದಿನದ ಮುಂಗಡ ನೋಟಿಸು ಕೊಡದೆ ಕಟ್ಟಲು ಹೊರಟವನ ಮನೆಯನ್ನು ಕೆಡವಿತು. ಕೆಡವುವ ಅಧಿಕಾರ ಕಾನೂನಿನಲ್ಲೇ ಇತ್ತು. ಆದರೆ ಅವನ ಮಾತು ಕೇಳದೆ ಕೆಡವಿದ್ದು ತಪ್ಪು ಎಂದು ನ್ಯಾಯಾಲಯ ಹೇಳಿತು.

ಇನ್ನೊಂದು, ಪೂರ್ತಿ ವಿಚಾರಣೆಯಲ್ಲಿ ಕೂತವರೇ ತೀರ್ಮಾನಿಸಬೇಕು. ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಕಾರ್ಯದರ್ಶಿ ವಿಚಾರಣೆ ನಡೆಸಿ, ಮುಖ್ಯಮಂತ್ರಿ ತೀರ್ಮಾನ ಕೊಟ್ಟಿದ್ದನ್ನು ಭಾರತದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಎರಡನೇ ಸಭೆಗೆ ಬರದ ಸದಸ್ಯರು ಮೂರನೆಯದಕ್ಕೆ ಬಂದು ಕೈ ಎತ್ತಿದರೆ ಇದೇ ತೊಡಕು ಎದುರಾಗುತ್ತದೆ.

ಇನ್ನೂರು ಸಹಿಗಳ ಮನವಿ ಬಂದರೆ ಗೌರವದಿಂದ ತೆಗೆದುಕೊಳ್ಳಿ, ಆದರೆ ಅದಕ್ಕೆ ತೂಕ ಎಷ್ಟು ಎಂದು ನೋಡಿ. ‘ಮಳೆ ಬಂದರೆ ನೀರು ನಮ್ಮ ಮನೆಗೆ ನುಗ್ಗುತ್ತದೆ’ ಎಂಬ ಇನ್ನೂರು ಸಹಿಗಿಂತ, ಎರಡು ನಿವೇಶನಗಳ ನೆಲಮಟ್ಟ ಮತ್ತು ಚರಂಡಿಯ ತಳಮಟ್ಟ ತೋರಿಸುವ ಒಂದೇ ಹಾಳೆ ಹೆಚ್ಚು ಹೇಳುತ್ತದೆ. ತಜ್ಞರ ವರದಿಗೂ ಹೀಗೆಯೇ ಪ್ರಶ್ನೆ ಕೇಳಿ: ವಾಹನ ಎಣಿಸಿದ್ದು ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ, ಶಾಲೆ ರಜೆ ಇತ್ತೇ? ಪ್ರಶ್ನೆ ಕೇಳುವಾಗ ತೀರ್ಪು ಹೇಳಿಬಿಡಬೇಡಿ. ‘ಇಷ್ಟು ಇಕ್ಕಟ್ಟಾದ ಜಾಗದಲ್ಲಿ ಹೇಗೆ ಕಟ್ಟಲು ಮನಸ್ಸು ಬಂತು’ ಎನ್ನುವುದು ಪ್ರಶ್ನೆಯಲ್ಲ.

ವಿನಾಯಿತಿ ಕೊಡುವುದೋ ಬೇಡವೋ

ಅತಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಕರುಣೆಯಿಂದ ಕೊಟ್ಟರೂ ತಪ್ಪು, ಹಟದಿಂದ ನಿರಾಕರಿಸಿದರೂ ತಪ್ಪು. ಮಾತುಗಳು ಕಡೆಕಡೆಗೆ ಬೇರೆಯಾದರೂ ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವು: ತೊಂದರೆ ಹುಟ್ಟಿದ್ದು ಜಾಗದಿಂದಲೋ, ಮಾಲೀಕನಿಂದಲೋ? ಅವನೇ ತಂದುಕೊಂಡದ್ದೇ? ಕೇಳಿದ್ದು ಬೇಕಾದಷ್ಟೇ ಇದೆಯೇ, ಜಾಸ್ತಿಯೇ? ಕೊಟ್ಟರೆ ನೆರೆಹೊರೆಯ ಸ್ವರೂಪ ಕೆಡುತ್ತದೆಯೇ?

ತ್ರಿಕೋನ ಆಕಾರದ ನಿವೇಶನವೊಂದನ್ನು ನೆನೆಯಿರಿ. ಎಲ್ಲ ಬದಿಗೂ 1.5 ಮೀಟರ್ ಬಿಟ್ಟರೆ ಚೂಪು ಮೂಲೆಯಲ್ಲಿ ಮಂಚವೂ ಹಿಡಿಯದ ಕೋಣೆ ಉಳಿಯುತ್ತದೆ. ಇದು ಜಾಗದ ತೊಂದರೆ. ಮಾಲೀಕ ಒಂದು ಬದಿಯಲ್ಲಿ 0.6 ಮೀಟರ್ ಸಡಿಲಿಕೆ ಕೇಳಿದ್ದಾನೆ, ಅಂದರೆ 0.9 ಬಿಡುತ್ತಾನೆ. ನಕ್ಷೆ ನೋಡಿದರೆ 0.3 ಸಡಿಲಿಸಿದರೂ ಕೋಣೆ ಕೂರುತ್ತದೆ. ಹಾಗಾದರೆ ಕೊಡಬೇಕಾದದ್ದು 0.3, ಅದೂ ಆ ಮೂಲೆಯ ಗೋಡೆಗೆ ಮಾತ್ರ. ಇಡೀ ಬದಿಗೆ ಕೊಡಬೇಕಾಗಿಲ್ಲ, ಎಲ್ಲ ಮಹಡಿಗೂ ಬೇಕಾಗಿಲ್ಲ. ಅದೇ ಮಾಲೀಕ ಚೌಕ ನಿವೇಶನವನ್ನು ಇಬ್ಭಾಗ ಮಾಡಿ ಅರ್ಧ ಮಾರಿ, ಉಳಿದದ್ದು ಇಕ್ಕಟ್ಟಾಯಿತು ಎಂದು ಬಂದರೆ ಆ ಕಷ್ಟ ಅವನೇ ತಂದುಕೊಂಡದ್ದು. ‘ಇನ್ನೊಂದು ಮನೆ ಬಾಡಿಗೆಗೆ ಬಂದರೆ ಸಾಲ ತೀರುತ್ತದೆ’ ಎಂಬುದು ನಿಜವೇ ಇರಬಹುದು, ಆದರೆ ಅದು ಜಾಗದ ಗುಣವಲ್ಲ. ಮಾಲೀಕ ನಾಳೆ ಬದಲಾಗುತ್ತಾನೆ, ಗೋಡೆ ಅಲ್ಲೇ ಇರುತ್ತದೆ.

ಆದೇಶ ಬರೆಯುವುದು

ಚರ್ಚೆಯಲ್ಲಿ ‘ಮೇಲ್ಮನವಿ ಒಪ್ಪೋಣವೇ’ ಎಂದು ನೇರ ಮತಕ್ಕೆ ಹೋಗಬೇಡಿ. ಮೊದಲು ವಿವಾದಾಂಶಗಳನ್ನು ಬರೆದುಕೊಂಡು ಒಂದೊಂದರ ಮೇಲೂ ತೀರ್ಮಾನಿಸಿ. ಆಗ ಕಾರಣಗಳು ತಾವಾಗಿಯೇ ಸಿಗುತ್ತವೆ. ಮೊದಲು ಮತ, ಆಮೇಲೆ ಕಾರಣ ಹುಡುಕಿದ ಆದೇಶ ಓದಿದೊಡನೆ ಗೊತ್ತಾಗುತ್ತದೆ.

‘ಉಭಯ ಪಕ್ಷಗಳ ವಾದ ಆಲಿಸಿ, ಕಡತ ಪರಿಶೀಲಿಸಲಾಗಿ, ಮೇಲ್ಮನವಿಯಲ್ಲಿ ಹುರುಳಿಲ್ಲವೆಂದು ಕಂಡುಬಂದಿದ್ದರಿಂದ ವಜಾಗೊಳಿಸಿದೆ’. ಇದು ಆದೇಶವಲ್ಲ, ರಬ್ಬರ್ ಸ್ಟ್ಯಾಂಪು. ಯಾವ ವಾದ, ಯಾವ ಕಂಡಿಕೆ, ಯಾವ ಅಳತೆ, ಏಕೆ ಒಪ್ಪಲಿಲ್ಲ ಎಂಬುದು ಆದೇಶದೊಳಗೇ ಬರಬೇಕು. ಕಾರಣವನ್ನು ಆಮೇಲೆ ನ್ಯಾಯಾಲಯಕ್ಕೆ ಕೊಡುವ ಅಫಿಡವಿಟ್ಟಿನಲ್ಲಿ ಹೇಳಿಕೊಳ್ಳೋಣ ಎಂದರೆ ಆಗದು. ಶಾಸನಬದ್ಧ ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ನಂತರ ಸೇರಿಸಿದವುಗಳಿಂದಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ಷರತ್ತುಗಳನ್ನು ಅಳೆಯಲು ಬರುವಂತೆ ಬರೆಯಿರಿ. ‘ನೆರೆಹೊರೆಯವರಿಗೆ ತೊಂದರೆಯಾಗದಂತೆ ಜನರೇಟರ್ ಬಳಸತಕ್ಕದ್ದು’ ಎಂದರೆ ಮರುವಾರವೇ ಹೊಸ ಜಗಳ. ‘ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಜನರೇಟರ್ ಓಡಿಸತಕ್ಕದ್ದಲ್ಲ, ಹೊಗೆ ಕೊಳವೆಯನ್ನು ಪೂರ್ವದ ಗೋಡೆಯಿಂದ ಕನಿಷ್ಠ 3 ಮೀಟರ್ ದೂರ ಇಡತಕ್ಕದ್ದು’ ಎಂದರೆ ಟೇಪು ಮತ್ತು ಗಡಿಯಾರ ಇರುವ ಯಾವ ಇನ್ಸ್‌ಪೆಕ್ಟರ್ ಬೇಕಾದರೂ ನೋಡಬಹುದು. ಒಂದೊಂದು ಷರತ್ತಿನ ಪಕ್ಕದಲ್ಲೂ ಅದು ಯಾವ ಹಾನಿಯನ್ನು ತಡೆಯಲು ಎಂದು ಬರೆದಿರಲಿ. ಹಾನಿ ಹೇಳಲಾಗದಿದ್ದರೆ ಆ ಷರತ್ತೇ ಬೇಕಾಗಿಲ್ಲ.

ಭಿನ್ನಮತವಿದ್ದ ಸದಸ್ಯರು ತಮ್ಮ ಕಾರಣವನ್ನು ಪ್ರತ್ಯೇಕವಾಗಿ ಬರೆಯಬಹುದು. ಆದೇಶ ಹೊರಬಿದ್ದ ಮೇಲೆ ಯಾರೂ, ಗೆದ್ದವರ ಎದುರೂ ಸೋತವರ ಎದುರೂ, ಅದನ್ನು ವಿವರಿಸಲು ಹೋಗಬಾರದು.

ಸಹಿಗೆ ಮೊದಲು ಕೊನೆಯ ಒಂದು ಕೆಲಸ ಉಳಿದಿದೆ. ವಿಚಾರಣೆ ನಡೆಯುವಷ್ಟರಲ್ಲಿ ನಕ್ಷೆ ಎರಡು ಮೂರು ಸಲ ತಿದ್ದುಪಡಿ ಆಗಿರುತ್ತದೆ. ಮಂಡಳಿ ಒಪ್ಪಿದ್ದು ಮೂರನೇ ತಿದ್ದುಪಡಿ, ಗುಮಾಸ್ತರು ಆದೇಶಕ್ಕೆ ಲಗತ್ತಿಸಿದ್ದು ಎರಡನೆಯದು ಎಂದಾದರೆ, ಅರ್ಜಿದಾರ ಎರಡನೆಯದರಂತೆಯೇ ಕಟ್ಟುತ್ತಾನೆ, ಅವನನ್ನು ತಪ್ಪೆನ್ನಲೂ ಆಗದು. ಆದೇಶದಲ್ಲಿ ನಕ್ಷೆಯ ಸಂಖ್ಯೆ, ತಿದ್ದುಪಡಿ ಸಂಖ್ಯೆ, ದಿನಾಂಕ ಮೂರನ್ನೂ ಬರೆಸಿ, ಲಗತ್ತಿನ ಹಾಳೆಯ ಮೂಲೆಯಲ್ಲಿರುವುದಕ್ಕೆ ನೀವೇ ತಾಳೆ ನೋಡಿ, ಆ ಹಾಳೆಯ ಮೇಲೂ ಸಹಿ ಹಾಕಿ.