ಬೀಗ ಹಾಕಿದ ಮನೆಗೆ ಕಾವಲು: ವಿಜಯಪುರದಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ನಮ್ಮ ವಿಜಯಪುರದಲ್ಲಿ ಬೇಸಿಗೆ ರಜೆಗೆ ಪರಊರಿಗೆ ಹೊರಡುವಾಗ ಎಲ್ಲರೂ ಹೊರಬಂದ ಮೇಲೆ ಹಿರಿಯರೊಬ್ಬರು ಮತ್ತೆ ಒಳಹೋಗಿ ಮೇನ್ ಸ್ವಿಚ್ ಆರಿಸಿ ಬರುವುದು ಹಳೆಯ ರೂಢಿ. ಶಾರ್ಟ್ ಸರ್ಕಿಟ್ ಆಗದಂತೆ ನೋಡಿಕೊಳ್ಳಲು ಅದು ಒಳ್ಳೆಯ ರೂಢಿಯೇ. ಆದರೆ ಕ್ಯಾಮೆರಾ, ರೂಟರ್, ಸೆನ್ಸರ್‌ಗಳನ್ನು ನಂಬಿ ಮನೆ ಬಿಡುವವರಿಗೆ ಮೊದಲ ಅಡ್ಡಿಯೂ ಅದೇ. ಮಗಳ ಮನೆಗೆಂದು ಪುಣೆಗೆ ಹೋಗಿಬರುವುದು ನಮಗೆ ಹೆಚ್ಚಾದಾಗ ನಾನು ಕ್ಯಾಮೆರಾ ಕೊಳ್ಳುವುದಕ್ಕಿಂತ ಮುಂಚೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ರೂಟರ್, ಕ್ಯಾಮೆರಾ, ಫ್ರಿಜ್ ಮತ್ತು ಪಡಸಾಲೆಯ ಒಂದು ದೀಪ ಇವಿಷ್ಟನ್ನೇ ಬೇರೆ ಎಂಸಿಬಿಗೆ (ಒಂದೊಂದು ಲೈನಿನ ಕರೆಂಟನ್ನು ಬೇರೆಬೇರೆಯಾಗಿ ಆರಿಸುವ ಸ್ವಿಚ್ಚಿಗೆ) ಹಾಕಿಸಿದೆ. ಹೊರಡುವಾಗ ಆ ಒಂದನ್ನು ಬಿಟ್ಟು ಉಳಿದವನ್ನೆಲ್ಲ ಕೆಳಗಿಳಿಸುತ್ತೇನೆ. ಗೀಸರ್ ಮತ್ತು ನೀರಿನ ಮೋಟಾರು ಸಂಪೂರ್ಣವಾಗಿ ಆರಿರುತ್ತವೆ.

ಅಂಗಡಿಯಲ್ಲಿ ಕ್ಯಾಮೆರಾ ಮಾರುವವರು ಚಿತ್ರದ ಸ್ಪಷ್ಟತೆಯ ಬಗ್ಗೆ ಬಹಳ ಹೇಳುತ್ತಾರೆ, ಕರೆಂಟು ಹೋದಾಗ ಏನಾಗುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಬೇಸಿಗೆಯ ಸಂಜೆ ಗಾಳಿ ಎದ್ದು ಮಳೆ ಬಂದರೆ ಕರೆಂಟು ಹೋಗುವುದು ನಮ್ಮಲ್ಲಿ ಹೊಸದಲ್ಲ, ಕತ್ತಲಾದ ಓಣಿಯಲ್ಲಿಯೇ ಕಾವಲು ಹೆಚ್ಚು ಬೇಕಾಗುವುದೂ ಹೌದು. ಮನೆಗಳಲ್ಲಿರುವ ರೂಟರ್‌ಗಳಲ್ಲಿ ಬಹುಪಾಲು 12 ವೋಲ್ಟಿನಲ್ಲಿ ಓಡುವುದರಿಂದ ಅಂಗೈಯಗಲದ ಚಿಕ್ಕ ಯುಪಿಎಸ್ ಒಂದು ಅದನ್ನು ಕೆಲವು ಗಂಟೆ ನಡೆಸಬಲ್ಲದು. ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಅದನ್ನು ಕೊಳ್ಳಬೇಕು. ಕ್ಯಾಮೆರಾಗಳನ್ನು ಇನ್ವರ್ಟರಿನ ಲೈನಿಗೆ ಸೇರಿಸಿದ್ದೇನೆ, ಹೊರಡುವ ಮುನ್ನ ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ಮಟ್ಟವನ್ನೂ ನೋಡುತ್ತೇನೆ. ಇಷ್ಟು ಮಾಡಿದರೂ ಓಣಿಯ ಕಂಬದಲ್ಲಿರುವ ಫೈಬರ್ ಕಂಪನಿಯ ಪೆಟ್ಟಿಗೆಗೆ ಕರೆಂಟು ಇಲ್ಲದಿದ್ದರೆ ನಮ್ಮ ಮನೆಯ ಇಂಟರ್‌ನೆಟ್ಟೂ ನಿಂತೀತು. ಅದಕ್ಕಾಗಿ ಗೇಟಿನ ಕಡೆಗೆ ಸಿಮ್ ಹಾಕುವ 4ಜಿ ಕ್ಯಾಮೆರಾವನ್ನು ಆರಿಸಿಕೊಂಡೆ. ಆ ಸಿಮ್ಮಿನ 28 ದಿನಗಳ ರೀಚಾರ್ಜು ಪ್ರವಾಸದ ನಡುವೆ ಮುಗಿಯದಂತೆ ನೋಡಿಕೊಳ್ಳುವುದು ಸಣ್ಣ ಕೆಲಸ, ಆದರೆ ಅದನ್ನು ಮರೆತವರಿಗೆ ಕ್ಯಾಮೆರಾ ಇದ್ದೂ ಇಲ್ಲದಂತೆ.

ಎರಡನೆಯ ವಿಷಯ ನಮ್ಮ ಬಿಸಿಲು. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ, ಕಿಟಕಿ ಬಾಗಿಲು ಮುಚ್ಚಿದ ಆರ್‌ಸಿಸಿ ಮನೆಯೊಳಗೆ ಕಾವು ರಾತ್ರಿಯಾದರೂ ಇಳಿಯುವುದಿಲ್ಲ. ಚಲನೆಯನ್ನು ಗುರುತಿಸುವ ಪಿಐಆರ್ ಸೆನ್ಸರ್ ನಿಜವಾಗಿ ನೋಡುವುದು ಮನುಷ್ಯನ ಮೈಶಾಖಕ್ಕೂ ಅವನ ಹಿಂದಿನ ಗೋಡೆಯ ಶಾಖಕ್ಕೂ ಇರುವ ವ್ಯತ್ಯಾಸವನ್ನು. ಗೋಡೆಯೇ ಮೈಯಷ್ಟು ಕಾದಿದ್ದರೆ ಆ ವ್ಯತ್ಯಾಸ ಕರಗಿ ಸೆನ್ಸರಿನ ದೃಷ್ಟಿ ಮೊಟಕಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ನಾನು ಅದನ್ನು ಎರಡನೆಯ ಸಾಕ್ಷಿ ಎಂದಷ್ಟೇ ಎಣಿಸುತ್ತೇನೆ. ಬಾಗಿಲ ಚೌಕಟ್ಟಿಗೆ ಅಂಟಿಸುವ ಆಯಸ್ಕಾಂತದ ಸೆನ್ಸರಿಗೆ ಬಿಸಿಲು ಚಳಿಯ ಹಂಗಿಲ್ಲ: ಬಾಗಿಲು ತೆರೆದು ಆಯಸ್ಕಾಂತ ದೂರವಾದೊಡನೆ ಅದು ಸಂದೇಶ ಕಳಿಸುತ್ತದೆ. ಮುಂಬಾಗಿಲು, ಹಿತ್ತಲ ಬಾಗಿಲು ಮತ್ತು ಮಾಳಿಗೆ ಮೆಟ್ಟಿಲಿನ ಬಾಗಿಲು ಮೂರಕ್ಕೂ ಅದನ್ನೇ ಹಾಕಿದ್ದೇನೆ. ಮುಂಬಾಗಿಲಿಗೆ ದುಬಾರಿ ಬೆಲೆಯದನ್ನು ಹಾಕಿಸಿ ಮಾಳಿಗೆ ಬಾಗಿಲನ್ನು ಒಂದು ಚಿಲಕದ ಮೇಲೆ ಬಿಡುವವರನ್ನು ಬಹಳ ಕಂಡಿದ್ದೇನೆ, ಪಕ್ಕದ ಮನೆಯ ಮಾಳಿಗೆಯಿಂದ ದಾಟಿ ಬರುವವನಿಗೆ ಅದೇ ಹೆಬ್ಬಾಗಿಲು. ಪಿಐಆರ್ ಸೆನ್ಸರನ್ನು ಪಡಸಾಲೆಯಲ್ಲಿ, ಒಳಬಂದವನು ಅದರತ್ತ ನೇರವಾಗಿ ನಡೆಯದೆ ಅದರ ಮುಂದಿನಿಂದ ಅಡ್ಡಹಾಯುವಂತೆ ಕೂರಿಸಿದ್ದೇನೆ, ಏಕೆಂದರೆ ಅಡ್ಡ ಚಲನೆಯನ್ನು ಅದು ಬೇಗ ಹಿಡಿಯುತ್ತದೆ.

ಬಿಸಿಲು ಕ್ಯಾಮೆರಾವನ್ನೂ ಬಿಡುವುದಿಲ್ಲ. ಪೆಟ್ಟಿಗೆಯ ಮೇಲೆ ಬರೆದಿರುವ ತಾಪಮಾನದ ಮಿತಿ ಅನೇಕ ಮಾದರಿಗಳಲ್ಲಿ 50 ಡಿಗ್ರಿಯ ಆಸುಪಾಸು ಇರುತ್ತದೆ, ಪಡುವಣ ಗೋಡೆಯ ಮೇಲೆ ಸಂಜೆಯ ಬಿಸಿಲು ನೇರವಾಗಿ ಬಿದ್ದರೆ ಅದರ ಹೊರಮೈ ಆ ಮಿತಿಯನ್ನು ಸುಲಭವಾಗಿ ದಾಟಬಹುದು. ನಮ್ಮದನ್ನು ಉತ್ತರದ ಸಜ್ಜಾದ ಕೆಳಗೆ, ಕೈಗೆ ಎಟುಕದ ಎತ್ತರದಲ್ಲಿ ಕೂರಿಸಿದೆವು. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ತಿಳಿಸುವ ಐಪಿ 65 ಅಥವಾ ಐಪಿ 66 ಎಂಬ ಗುರುತಿನಲ್ಲಿ ಮೊದಲ ಅಂಕಿ ಧೂಳಿನದು, ಆರು ಇದ್ದರೆ ಧೂಳು ಒಳಹೋಗದು. ಆದರೆ ಮಸೂರದ ಮೇಲೆ ಕೂರುವ ಧೂಳನ್ನೂ, ರಾತ್ರಿ ಕ್ಯಾಮೆರಾದ ಬಳಿ ಸುಳಿಯುವ ಹುಳುಗಳನ್ನು ಹಿಡಿಯಲು ಜೇಡ ನೇಯುವ ಬಲೆಯನ್ನೂ ಒರೆಸುವುದು ನಮ್ಮ ಕೆಲಸವೇ. ಆ ಬಲೆ ಗಾಳಿಗೆ ಅಲುಗಾಡಿದಾಗಲೆಲ್ಲ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ಆಕಾಶ ಬೆಳಗಿದರೂ ಹಾಗೆಯೇ. ಹುಸಿ ಎಚ್ಚರಿಕೆ ಹೆಚ್ಚಾದರೆ ನೋಡುವವನು ನೋಡುವುದನ್ನೇ ಬಿಡುತ್ತಾನೆ. ಆದ್ದರಿಂದ ಆ್ಯಪ್‌ನಲ್ಲಿ ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆಯನ್ನು ಇಟ್ಟು, ರಸ್ತೆಯ ಭಾಗವನ್ನೂ ಎದುರು ಮನೆಯ ಬಾಗಿಲನ್ನೂ ಚೌಕಟ್ಟಿನಿಂದ ಹೊರಗಿಟ್ಟಿದ್ದೇನೆ.

ಮನೆಯಲ್ಲಿ ಜನರಿದ್ದಾರೆ ಎಂದು ತೋರಿಸಲು ಸ್ಮಾರ್ಟ್ ಬಲ್ಬ್ ಒಳ್ಳೆಯ ಉಪಾಯ, ದಿನವೂ ಒಂದೇ ನಿಮಿಷಕ್ಕೆ ಹತ್ತದಂತೆ ವೇಳೆಯನ್ನು ಹಿಂದುಮುಂದು ಮಾಡಿದರೆ. ಆದರೆ ಇಂತಹ ಅನೇಕ ಬಲ್ಬುಗಳು ಕರೆಂಟು ಹೋಗಿ ಬಂದೊಡನೆ ತಾವಾಗಿಯೇ ಹತ್ತಿಕೊಳ್ಳುತ್ತವೆ. ಮಟಮಟ ಮಧ್ಯಾಹ್ನ ಪಡಸಾಲೆಯಲ್ಲಿ ದೀಪ ಉರಿಯುತ್ತಿದ್ದರೆ ಮನೆ ಖಾಲಿ ಇದೆ ಎಂದು ಡಂಗುರ ಹೊಡೆದಂತೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಕರೆಂಟು ಬಂದ ಮೇಲೆ ಹಿಂದಿನ ಸ್ಥಿತಿ’ ಎಂಬ ಆಯ್ಕೆ ಇರುವ ಬಲ್ಬನ್ನೇ ಕೊಳ್ಳಬೇಕು. ಹಾಗೆಯೇ ಬಾಗಿಲ ಹೊರಗೆ ತೂಗುವ ದೊಡ್ಡ ಬೀಗವನ್ನು ತೆಗೆದು, ಬಾಗಿಲೊಳಗೇ ಅಡಗಿರುವ ಬೀಗಕ್ಕೆ ಬದಲಾಯಿಸಿದೆ. ಬೆರಳಚ್ಚಿನ ಡಿಜಿಟಲ್ ಲಾಕ್ ಬೇಕೆನಿಸಲಿಲ್ಲ, ನನ್ನ ಮಟ್ಟಿಗೆ ಗಟ್ಟಿ ಚೌಕಟ್ಟಿಗೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ.

ಪಾಸ್‌ವರ್ಡ್ ವಿಷಯದಲ್ಲಿ ನಾನು ಹಟಮಾರಿ. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನು ಬಹಳ ಮಂದಿ ಬದಲಿಸಿರಲಿಲ್ಲ ಎಂಬ ಕಾರಣದಿಂದಲೇ. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಇಟ್ಟು, ಕ್ಯಾಮೆರಾಗಳನ್ನು ನಮ್ಮ ಮೊಬೈಲು, ಕಂಪ್ಯೂಟರುಗಳಿಂದ ಬೇರೆಯಾಗಿರುವ ಗೆಸ್ಟ್ ವೈಫೈಗೆ ಸೇರಿಸಿದ್ದೇನೆ. ದೃಶ್ಯಗಳು ಮೆಮೊರಿ ಕಾರ್ಡಿನ ಜೊತೆಗೆ ಕ್ಲೌಡಿನಲ್ಲಿಯೂ (ಇಂಟರ್‌ನೆಟ್ ಮೂಲಕ ದೂರದ ಸರ್ವರಿನಲ್ಲಿ) ಉಳಿಯುತ್ತವೆ, ಏಕೆಂದರೆ ಕಳ್ಳ ಕ್ಯಾಮೆರಾವನ್ನೇ ಕಿತ್ತೊಯ್ದರೆ ಕಾರ್ಡೂ ಅದರ ಜೊತೆಗೇ ಹೋಗುತ್ತದೆ.

ಇಷ್ಟೆಲ್ಲ ಯಂತ್ರಗಳು ಮಾಡುವುದು ಸುದ್ದಿ ಮುಟ್ಟಿಸುವುದನ್ನು ಮಾತ್ರ. ಪುಣೆಯಲ್ಲಿ ಕುಳಿತ ನಾನು ಮೊಬೈಲು ನೋಡಿ ಗಾಬರಿಯಾಗಬಹುದೇ ಹೊರತು ಬಾಗಿಲಿಗೆ ಬರಲಾರೆ. ಆದ್ದರಿಂದ ಗೇಟಿನ ಕ್ಯಾಮೆರಾವನ್ನಷ್ಟೇ ಪಕ್ಕದ ಮನೆಯ ಕಾಕಾ ಅವರ ಮೊಬೈಲಿಗೂ ಹಂಚಿಕೊಟ್ಟಿದ್ದೇನೆ, ಒಳಗಿನದು ನಮ್ಮ ಬಳಿಯೇ ಇದೆ. ಒಂದು ರಾತ್ರಿ ಅವರೇ ಫೋನು ಮಾಡಿ, “ಗೇಟ್ ಮುಂದ ಯಾರೋ ನಿಂತಾರ್ ನೋಡಪಾ, ನಾ ಲೈಟ್ ಹಚ್ಚಿ ಕೇಳ್ಲೇನು?” ಎಂದರು. “ಹೊರಗ ಬರಬ್ಯಾಡ್ರಿ ಕಾಕಾ, ಮಾಳಿಗಿ ಮ್ಯಾಲಿಂದನ ಕೇಳ್ರಿ” ಎಂದೆ. ಕೇಳಿದರೆ ಅವನು ಎದುರು ಮನೆಗೆ ಬಂದ ಬೀಗರ ಪೈಕಿಯವನು. ನಮ್ಮಿಬ್ಬರ ಒಪ್ಪಂದ ಇಷ್ಟೇ: ಬಾಗಿಲ ಸೆನ್ಸರ್ ಕೂಗಿದರೆ ಅವರು ಒಬ್ಬರೇ ಒಳಗೆ ಹೋಗಕೂಡದು, ಮೊದಲು 112ಕ್ಕೆ ಕರೆ, ಆಮೇಲೆ ಓಣಿಯವರನ್ನು ಎಬ್ಬಿಸುವುದು. ಠಾಣೆಗೂ ಹೊರಡುವ ಮುನ್ನ ತಿಳಿಸುತ್ತೇನೆ.

ಹೊರಡುವ ಹಿಂದಿನ ದಿನ ಪರೀಕ್ಷೆಗೆಂದು, ಕರೆಂಟು ಹೋದಂತೆ ಮೇನ್ ಸ್ವಿಚ್ ಆರಿಸಿ, ಮೊಬೈಲಿನಲ್ಲಿ ಮನೆಯ ವೈಫೈ ಬಿಟ್ಟು ಹೊರಗಿನ ಡೇಟಾ ಹಾಕಿಕೊಂಡು, ಮನೆಯವಳಿಗೆ ಹಿತ್ತಲ ಬಾಗಿಲು ತೆರೆಯಲು ಹೇಳುತ್ತೇನೆ. ಎಚ್ಚರಿಕೆ ನನಗೂ ಬಂದು, ಗೇಟಿನ ಚಿತ್ರ ಕಾಕಾ ಅವರಿಗೂ ಕಂಡರೆ ಟಿಕೆಟು ಕೈಗೆ ತೆಗೆದುಕೊಳ್ಳುತ್ತೇನೆ. ಬರದಿದ್ದರೆ ಸೆನ್ಸರಿನ ನಾಣ್ಯದಾಕಾರದ ಸೆಲ್ಲನ್ನು ಮೊದಲು ಬದಲಿಸಿ ನೋಡುತ್ತೇನೆ.