ಎಳೆದು ಜಾಗ ಬದಲಿಸುವ ಪಟ್ಟಿ: ಕ್ಯೂಟಿ 6 ಮತ್ತು ಪೈಥಾನ್‌ನಲ್ಲಿ ಬರೆಯುವ ಕ್ರಮ

ಪಟ್ಟಿಯ ಒಂದು ಐಟಮ್ಮನ್ನು ಮೌಸ್‌ನಲ್ಲಿ ಹಿಡಿದು ಎಳೆದು ಇನ್ನೊಂದು ಜಾಗದಲ್ಲಿ ಬಿಡುವ ಸೌಲಭ್ಯ ಕ್ಯೂಟಿಯಲ್ಲಿ (ಕಿಟಕಿ, ಬಟನ್, ಪಟ್ಟಿಗಳಿರುವ ಪ್ರೋಗ್ರಾಂ ಕಟ್ಟುವ ಲೈಬ್ರರಿ) ಸಿದ್ಧವಾಗಿಯೇ ಇದೆ. ಎಳೆಯುವಾಗ ಕಾಣುವ ನೆರಳು, ಎಲ್ಲಿ ಬೀಳುತ್ತದೆಂದು ತೋರಿಸುವ ಗೆರೆ, ಅಂಚಿಗೆ ಬಂದಾಗ ತಾನೇ ಸರಿಯುವ ಪಟ್ಟಿ, ಇದ್ಯಾವುದನ್ನೂ ನಾವು ಬರೆಯಬೇಕಿಲ್ಲ. ಕೆಲಸವಿರುವುದು ಮಾಡೆಲ್‌ನಲ್ಲಿ, ಅಂದರೆ ಪಟ್ಟಿಯ ಡೇಟಾ ಹಿಡಿದಿಡುವ ಭಾಗದಲ್ಲಿ. ಎಳೆತ ಮುಗಿದಾಗ ಡೇಟಾದ ಕ್ರಮ ಪರದೆಯ ಕ್ರಮಕ್ಕೆ ತಾಳೆಯಾಗಬೇಕು, ಒಂದು ಐಟಮ್ ಕೂಡ ಕಳೆಯಬಾರದು, ಎರಡಾಗಲೂಬಾರದು. ಕೆಳಗಿನ ವಿವರ ಪೈಸೈಡ್6ಕ್ಕೆ (ಪೈಥಾನ್‌ನಿಂದ ಕ್ಯೂಟಿ ಬಳಸುವ ಪ್ಯಾಕೇಜ್) ಬರೆದದ್ದು. ಸಿ++‌ನಲ್ಲೂ ಹೆಸರುಗಳು ಇವೇ.

ಸಣ್ಣ ಪಟ್ಟಿಗೆ ಕ್ಯೂಲಿಸ್ಟ್‌ವಿಜೆಟ್ ಸಾಕು

ಐಟಮ್‌ಗಳು ಬರೀ ಪಠ್ಯವಾಗಿದ್ದು, ಡೇಟಾ ಬೇರೆಲ್ಲೂ ಇಲ್ಲದಿದ್ದರೆ ಮಾಡೆಲ್ ಬರೆಯುವ ಶ್ರಮ ಬೇಡ. ಸೆಟ್‌ಡ್ರ್ಯಾಗ್‌ಡ್ರಾಪ್‌ಮೋಡ್ ಕರೆದು ಇಂಟರ್ನಲ್‌ಮೂವ್ ಕೊಡಿ. ಹಲವು ಐಟಮ್‌ಗಳನ್ನು ಒಟ್ಟಿಗೆ ಎಳೆಯಬೇಕಿದ್ದರೆ ಸೆಲೆಕ್ಷನ್ ಮೋಡನ್ನು ಎಕ್ಸ್‌ಟೆಂಡೆಡ್‌ಸೆಲೆಕ್ಷನ್ ಮಾಡಿ.

ಇಲ್ಲಿ ಬಹಳ ಜನ ಬಿಡುವ ಹೆಜ್ಜೆ ಒಂದಿದೆ. ಕ್ಯೂಲಿಸ್ಟ್‌ವಿಜೆಟ್‌ಐಟಮ್ ಒಂದರಲ್ಲಿ ಐಟಮ್‌ಈಸ್‌ಡ್ರಾಪ್‌ಎನೇಬಲ್ಡ್ ಫ್ಲ್ಯಾಗ್ (ತನ್ನ ಮೇಲೆ ಬಿಡಲು ಒಪ್ಪುವ ಗುರುತು) ಇದೆಯೇ ನೋಡಿ. ಇದ್ದರೆ ಎಳೆದದ್ದು ಎರಡು ಐಟಮ್‌ಗಳ ನಡುವೆ ಮಾತ್ರವಲ್ಲ, ಒಂದರ ಮೇಲೂ ಬೀಳಬಹುದು. ಅದು ಇರುವ ಪ್ರತಿ ಐಟಮ್ಮಿನಿಂದ ಆ ಫ್ಲ್ಯಾಗ್ ತೆಗೆದುಹಾಕಿ. ಆಗ ಸೂಚಕ ಗೆರೆ ಸದಾ ನಡುವೆಯೇ ಮೂಡುತ್ತದೆ, ಬಳಸುವವರಿಗೂ ಗೊಂದಲವಿರುವುದಿಲ್ಲ.

ಸ್ವಂತ ಮಾಡೆಲ್ ಇದ್ದಾಗ

ಡೇಟಾ ನಿಮ್ಮದೇ ಪೈಥಾನ್ ಲಿಸ್ಟ್‌ನಲ್ಲೋ ಡೇಟಾಬೇಸ್‌ನಲ್ಲೋ ಇದ್ದರೆ ಕ್ಯೂಲಿಸ್ಟ್‌ವ್ಯೂ ಜೊತೆಗೆ ಕ್ಯೂಅಬ್‌ಸ್ಟ್ರಾಕ್ಟ್‌ಲಿಸ್ಟ್‌ಮಾಡೆಲ್‌ನಿಂದ ಇಳಿಸಿದ ಕ್ಲಾಸ್ ಬೇಕು. ಪಟ್ಟಿಯನ್ನು ಪರದೆಯಲ್ಲಿ ತೋರಿಸುವ ಈ ವ್ಯೂಗೆ ಮೇಲಿನಂತೆಯೇ ಇಂಟರ್ನಲ್‌ಮೂವ್ ಕೊಟ್ಟು, ಸೆಟ್‌ಡ್ರಾಪ್‌ಇಂಡಿಕೇಟರ್‌ಶೋನ್ ಅನ್ನು ಟ್ರೂ ಮಾಡಿ. ಮಾಡೆಲ್‌ನಲ್ಲಿ ಎಳೆತಕ್ಕಾಗಿ ನಾಲ್ಕು ಫಂಕ್ಷನ್ ಬರೆಯಬೇಕು.

ಮೊದಲನೆಯದು ಫ್ಲ್ಯಾಗ್ಸ್. ಇಂಡೆಕ್ಸ್ ಸಿಂಧುವಾಗಿದ್ದರೆ ಎನೇಬಲ್ಡ್, ಸೆಲೆಕ್ಟಬಲ್, ಡ್ರ್ಯಾಗ್‌ಎನೇಬಲ್ಡ್ ಕೊಡಿ, ಡ್ರಾಪ್‌ಎನೇಬಲ್ಡ್ ಬೇಡ. ಇಂಡೆಕ್ಸ್ ಸಿಂಧುವಲ್ಲದಿದ್ದರೆ ಡ್ರಾಪ್‌ಎನೇಬಲ್ಡ್ ಮಾತ್ರ ಕೊಡಿ. ಸಿಂಧುವಲ್ಲದ ಇಂಡೆಕ್ಸ್ ಎಂದರೆ ಪಟ್ಟಿಯ ಬೇರು. ಐಟಮ್‌ಗಳ ನಡುವೆ ಬಿಡುವುದೆಂದರೆ ಬೇರಿಗೆ ಬಿಡುವುದು ಎಂದೇ ಕ್ಯೂಟಿ ಲೆಕ್ಕ ಹಾಕುತ್ತದೆ.

ಎರಡನೆಯದು ಸಪೋರ್ಟೆಡ್‌ಡ್ರಾಪ್‌ಆಕ್ಷನ್ಸ್. ಇದು ಮೂವ್‌ಆಕ್ಷನ್ ಹಿಂದಿರುಗಿಸಬೇಕು. ಬರೆಯದೆ ಬಿಟ್ಟರೆ ಸಿಗುವುದು ಕಾಪಿಆಕ್ಷನ್ ಮಾತ್ರ, ಇಂಟರ್ನಲ್‌ಮೂವ್ ಅದನ್ನು ಒಪ್ಪುವುದಿಲ್ಲ. ಐಟಮ್ ಎಳೆಯಲು ಬರುತ್ತದೆ, ಎಲ್ಲಿಗೆ ಹೋದರೂ ನಿಷೇಧದ ಗುರುತೇ ಕಾಣುತ್ತದೆ ಎಂದಾದರೆ ಮೊದಲು ನೋಡಬೇಕಾದ ಜಾಗ ಇದು.

ಮೂರನೆಯದು ಮೂವ್‌ರೋಸ್, ಇಡೀ ಕೆಲಸದ ತಿರುಳು. ಕ್ಯೂಟಿ 6ರ ಕ್ಯೂಲಿಸ್ಟ್‌ವ್ಯೂ ತನ್ನೊಳಗೇ ನಡೆದ ಎಳೆತಕ್ಕೆ ಮೊದಲು ಇದನ್ನು ಕರೆಯುತ್ತದೆ. ಇದು ಇಲ್ಲದಿದ್ದರೆ ಹಳೆಯ ದಾರಿ ಹಿಡಿಯುತ್ತದೆ: ಹೊಸ ಜಾಗದಲ್ಲಿ ನಕಲು ಸೇರಿಸಿ, ಹಳೆಯದನ್ನು ಅಳಿಸುವುದು. ಆ ದಾರಿಯಲ್ಲಿ ರಿಮೂವ್‌ರೋಸ್ ಬರೆದಿರದಿದ್ದರೆ ಐಟಮ್ ಎರಡಾಗುತ್ತದೆ. ನೀವೇ ಡೇಟಾ ಸರಿಸಿ ಟ್ರೂ ಹಿಂದಿರುಗಿಸಿದರೆ ವ್ಯೂ ಮತ್ತೆ ಅಳಿಸಲು ಹೋಗಿ ಐಟಮ್ ಮಾಯವಾಗುತ್ತದೆ. ಮೂವ್‌ರೋಸ್ ದಾರಿಯಲ್ಲಿ ಇವೆರಡೂ ಇಲ್ಲ, ಆಯ್ಕೆಯೂ ಐಟಮ್ಮಿನ ಜೊತೆಗೇ ಸರಿಯುತ್ತದೆ. ಅದರೊಳಗಿನ ಹೆಜ್ಜೆಗಳು:

1. ಬಿಗಿನ್‌ಮೂವ್‌ರೋಸ್ ಕರೆಯಿರಿ: ಮೊದಲ ಸಾಲು, ಕೊನೆಯ ಸಾಲು, ಸೇರಬೇಕಾದ ಸ್ಥಾನ. ಅದು ಫಾಲ್ಸ್ ಎಂದರೆ ಅಲ್ಲಿಗೇ ನಿಲ್ಲಿಸಿ ಫಾಲ್ಸ್ ಹಿಂದಿರುಗಿಸಿ.
2. ಲಿಸ್ಟ್‌ನಿಂದ ಆ ತುಂಡನ್ನು ಕತ್ತರಿಸಿ ತೆಗೆಯಿರಿ.
3. ಸ್ಥಾನ ಮೂಲಕ್ಕಿಂತ ಕೆಳಗಿದ್ದರೆ, ತೆಗೆದ ಸಾಲುಗಳ ಸಂಖ್ಯೆಯನ್ನು ಸ್ಥಾನದಿಂದ ಕಳೆಯಿರಿ.
4. ತುಂಡನ್ನು ಸೇರಿಸಿ, ಎಂಡ್‌ಮೂವ್‌ರೋಸ್ ಕರೆದು, ಟ್ರೂ ಹಿಂದಿರುಗಿಸಿ.

ಮೂರನೆಯ ಹೆಜ್ಜೆಯಲ್ಲೇ ತಪ್ಪು ಹೆಚ್ಚು. ಪಟ್ಟಿಯಲ್ಲಿ ಅ, ಆ, ಇ, ಈ, ಉ ಇವೆ, ಎಣಿಕೆ 0ಯಿಂದ ಎಂದಿಟ್ಟುಕೊಳ್ಳಿ. 1ನೇ ಸಾಲಿನ ‘ಆ’ವನ್ನು ಈ ಮತ್ತು ಉ ನಡುವೆ ಬಿಟ್ಟರೆ ಕ್ಯೂಟಿ ಕೊಡುವ ಸ್ಥಾನ 4. ಏಕೆಂದರೆ ಆ ಸಂಖ್ಯೆ ಸರಿಸುವುದಕ್ಕೆ ಮುಂಚಿನ ಪಟ್ಟಿಯದು. ‘ಆ’ವನ್ನು ತೆಗೆದ ಕೂಡಲೇ ಕೆಳಗಿನವೆಲ್ಲ ಒಂದು ಮೇಲೇರುತ್ತವೆ, ಹಾಗಾಗಿ ಸೇರಿಸಬೇಕಾದದ್ದು 3ರಲ್ಲಿ. 4ರಲ್ಲೇ ಸೇರಿಸಿದರೆ ‘ಉ’ ದಾಟಿ ಕೊನೆಗೆ ಹೋಗುತ್ತದೆ. ಮೇಲ್ಮುಖವಾಗಿ ಎಳೆದಾಗ ಈ ಕಳೆಯುವಿಕೆ ಬೇಡ: ‘ಈ’ಯನ್ನು ಅ ಮತ್ತು ಆ ನಡುವೆ ಬಿಟ್ಟರೆ ಸ್ಥಾನ 1, ಸೇರಿಸುವುದೂ 1ರಲ್ಲೇ. ‘ಕೆಳಗೆ ಎಳೆದರೆ ಮಾತ್ರ ಒಂದು ಹೆಚ್ಚು ಹೋಗುತ್ತಿದೆ’ ಎಂಬ ದೂರಿನ ಮೂಲ ಇದೇ.

ಬಿಗಿನ್‌ಮೂವ್‌ರೋಸ್ ಕೊಡುವ ಫಾಲ್ಸನ್ನು ಕಡೆಗಣಿಸಬೇಡಿ. 1ನೇ ಸಾಲನ್ನು 1ಕ್ಕೆ ಅಥವಾ 2ಕ್ಕೆ ಸರಿಸುವುದೆಂದರೆ ಅದು ಇದ್ದಲ್ಲೇ ಇರುವುದು, ಅದಕ್ಕೆ ಕ್ಯೂಟಿ ಒಪ್ಪುವುದಿಲ್ಲ. ಒಪ್ಪದಿದ್ದರೂ ಮುಂದುವರಿದು ಎಂಡ್‌ಮೂವ್‌ರೋಸ್ ಕರೆದರೆ ಮಾಡೆಲ್‌ನ ಒಳಲೆಕ್ಕ ಕೆಟ್ಟು ಪ್ರೋಗ್ರಾಂ ಕುಸಿಯಬಹುದು.

ನಾಲ್ಕನೆಯದು ಡ್ರಾಪ್‌ಮೈಮ್‌ಡೇಟಾ, ಎಳೆದು ಬಿಟ್ಟ ಡೇಟಾವನ್ನು ಸ್ವೀಕರಿಸುವ ಫಂಕ್ಷನ್. ಪಟ್ಟಿಯೊಳಗೆ ಜಾಗ ಬದಲಿಸುವುದಷ್ಟೇ ಉದ್ದೇಶವಾಗಿದ್ದರೆ ಇದು ಯಾವಾಗಲೂ ಫಾಲ್ಸ್ ಹಿಂದಿರುಗಿಸಲಿ. ಮೂವ್‌ರೋಸ್ ಫಾಲ್ಸ್ ಎಂದಾಗ ವ್ಯೂ ಇದನ್ನು ಕರೆಯುತ್ತದೆ. ಮೂಲ ಕ್ಲಾಸಿನ ಕೋಡ್ ಓಡಿದರೆ, ತಿದ್ದಬಹುದಾದ ಪಟ್ಟಿಗಳಲ್ಲಿ ಪಕ್ಕದ ಐಟಮ್ಮಿನ ಪಠ್ಯವೇ ಅಳಿದು ಹೊಸದು ಬೀಳುವ ಅಪಾಯವಿದೆ.

ಎರಡು ಪಟ್ಟಿಗಳ ನಡುವೆ

‘ಮಾಡಬೇಕಾದವು’ ಪಟ್ಟಿಯಿಂದ ‘ಮುಗಿದವು’ ಪಟ್ಟಿಗೆ ಎಳೆಯುವಾಗ ಇಂಟರ್ನಲ್‌ಮೂವ್ ಸಾಲದು. ಮೋಡ್ ಡ್ರ್ಯಾಗ್‌ಡ್ರಾಪ್ ಆಗಬೇಕು, ಜೊತೆಗೆ ಸೆಟ್‌ಡಿಫಾಲ್ಟ್‌ಡ್ರಾಪ್‌ಆಕ್ಷನ್‌ಗೆ ಮೂವ್‌ಆಕ್ಷನ್ ಕೊಡಬೇಕು. ಮಾಡೆಲ್ ಕಾಪಿಯನ್ನೂ ಒಪ್ಪುತ್ತಿದ್ದರೆ, ಈ ಎರಡನೆಯದನ್ನು ಮರೆತಾಗ ಎಳೆದದ್ದೆಲ್ಲ ನಕಲಾಗುತ್ತದೆ.

ಎಳೆಯುವ ಡೇಟಾದ ಬಗೆಯನ್ನು ಹೇಳುವ ಮೈಮ್‌ಟೈಪ್ಸ್‌ನಲ್ಲಿ ನಿಮ್ಮ ಪ್ರೋಗ್ರಾಂಗೇ ಮೀಸಲಾದ ಹೆಸರು ಇಡಿ. ಆಗ ಬೇರೆ ಪ್ರೋಗ್ರಾಂನಿಂದ ಎಳೆದ ಪಠ್ಯ ನಿಮ್ಮ ಪಟ್ಟಿಗೆ ನುಗ್ಗುವುದಿಲ್ಲ. ಎಳೆತದ ಜೊತೆ ಸಾಗುವ ಮೈಮ್‌ಡೇಟಾದೊಳಗೆ ಐಟಮ್ಮಿನ ಪಠ್ಯಕ್ಕಿಂತ ಅದರ ಐಡಿ ಹಾಕುವುದು ಮೇಲು. ಪಠ್ಯವನ್ನೇ ಹಾಕಬೇಕಿದ್ದರೆ ಉದ್ದವನ್ನು ಅಕ್ಷರಗಳಲ್ಲಿ ಎಣಿಸಬೇಡಿ: ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ 3 ಬೈಟ್, ಅಕ್ಷರ ಎಣಿಸಿ ಕತ್ತರಿಸಿದರೆ ಪಠ್ಯ ಮಧ್ಯದಲ್ಲೇ ತುಂಡಾಗುತ್ತದೆ.

ಈ ಬಾರಿ ಡ್ರಾಪ್‌ಮೈಮ್‌ಡೇಟಾ ನಿಜವಾಗಿ ಕೆಲಸ ಮಾಡಬೇಕು: ಬಿಗಿನ್‌ಇನ್ಸರ್ಟ್‌ರೋಸ್ ಕರೆದು ಸೇರಿಸಿ ಟ್ರೂ ಹಿಂದಿರುಗಿಸಬೇಕು. ಸಾಲಿನ ಸಂಖ್ಯೆ -1 ಆಗಿ ಬಂದು ಪೇರೆಂಟ್ ಸಿಂಧುವಲ್ಲದಿದ್ದರೆ, ಬಳಕೆದಾರರು ಪಟ್ಟಿಯ ಖಾಲಿ ಜಾಗದಲ್ಲಿ ಬಿಟ್ಟಿದ್ದಾರೆ ಎಂದರ್ಥ, ಕೊನೆಗೆ ಸೇರಿಸಿ. ಮೂಲ ಪಟ್ಟಿಯಿಂದ ಅಳಿಸುವುದು ಅಲ್ಲಿನ ವ್ಯೂನ ಹೊಣೆ. ಅದು ರಿಮೂವ್‌ರೋಸ್ ಕರೆಯುತ್ತದೆ, ಹಾಗಾಗಿ ಅದೂ ಬರೆದಿರಬೇಕು. ಡ್ರಾಪ್‌ಮೈಮ್‌ಡೇಟಾದೊಳಗೆ ನೀವೇ ಅಳಿಸಬೇಡಿ.

ಕ್ರಮವನ್ನು ಉಳಿಸುವುದು

ರೋಸ್‌ಮೂವ್ಡ್ ಸಿಗ್ನಲ್ ಹಿಡಿದು ಉಳಿಸಬಹುದು, ಆದರೆ ಐದು ಐಟಮ್ ಒಟ್ಟಿಗೆ ಎಳೆದರೆ ಆ ಸಿಗ್ನಲ್ ಒಂದಲ್ಲ, ಹಲವು ಸಲ ಬರುತ್ತದೆ. ಪ್ರತಿ ಸಲ ಡೇಟಾಬೇಸ್‌ಗೆ ಬರೆಯುವ ಬದಲು ಕ್ಯೂಟೈಮರ್‌ನ ಒಂದೇ ಸಲದ ಎಣಿಕೆ ಶುರುಮಾಡಿ, ಅದು ಮುಗಿದಾಗ ಇಡೀ ಕ್ರಮವನ್ನು ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ. ಕೆಲವು ನೂರು ಸಾಲುಗಳಿಗೆ 0, 1, 2 ಎಂದು ಎಲ್ಲವನ್ನೂ ಮತ್ತೆ ಎಣಿಸಿ ಬರೆಯುವುದೇ ಒಳ್ಳೆಯದು. ಎರಡು ನೆರೆಯವರ ಸರಾಸರಿಯನ್ನು ಹೊಸ ಸ್ಥಾನವಾಗಿ ಇಡುವ ಉಪಾಯ ಚುರುಕಾದದ್ದು ನಿಜ. ಆದರೆ 1 ಮತ್ತು 2ರ ನಡುವಿನ ಅಂತರವನ್ನು ಸುಮಾರು 50 ಸಲ ಅರ್ಧ ಮಾಡಿದರೆ 64 ಬಿಟ್ ದಶಮಾಂಶದ ನಿಖರತೆ ಮುಗಿದು ಇಬ್ಬರಿಗೂ ಒಂದೇ ಸಂಖ್ಯೆ ಬರುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಸ್ಥಾನದ ಕಾಲಂಗೆ ಯುನೀಕ್ ನಿರ್ಬಂಧ ಹಾಕಿದ್ದರೆ ಮರುಎಣಿಕೆ ಮಧ್ಯದಲ್ಲೇ ದೋಷ ಕೊಡುತ್ತದೆ, ಏಕೆಂದರೆ ಅದು ಪ್ರತಿ ಸಾಲು ಬದಲಾದಾಗಲೂ ತಪಾಸಣೆ ಮಾಡುತ್ತದೆ.

ಹುಡುಕಾಟದ ಫಿಲ್ಟರ್ ಅಥವಾ ಅಕಾರಾದಿ ವಿಂಗಡಣೆ ಚಾಲ್ತಿಯಲ್ಲಿರುವಾಗ ಎಳೆಯುವುದನ್ನು ನಿಲ್ಲಿಸಿ, ಮೋಡನ್ನು ನೋಡ್ರ್ಯಾಗ್‌ಡ್ರಾಪ್ ಮಾಡಿ. ಕಾಣದ ಐಟಮ್‌ಗಳ ನಡುವೆ ಎಲ್ಲಿ ಸೇರಿಸಬೇಕು ಎಂಬುದಕ್ಕೆ ಸರಿಯಾದ ಉತ್ತರವೇ ಇಲ್ಲ.

ಕೀಬೋರ್ಡ್ ದಾರಿ

ಎಳೆಯಲಾಗದವರೂ ಈ ಪಟ್ಟಿ ಬಳಸುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬಂದ ಡಬ್ಲ್ಯುಸಿಎಜಿ 2.2 (ವೆಬ್ ಎಲ್ಲರಿಗೂ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ) ಎಳೆತಕ್ಕೆ ಎಳೆಯದೆ ಮಾಡುವ ಪರ್ಯಾಯ ಇರಬೇಕೆಂದು ಹೇಳುತ್ತದೆ. ಅದು ವೆಬ್‌ಗೆ ಬರೆದ ನಿಯಮವಾದರೂ ಡೆಸ್ಕ್‌ಟಾಪ್‌ಗೂ ಅಷ್ಟೇ ಸಲ್ಲುತ್ತದೆ. ಮೇಲೆ ಮತ್ತು ಕೆಳಗೆ ಎಂಬ ಎರಡು ಬಟನ್ ಇಟ್ಟು, ಅವಕ್ಕೇ ಆಲ್ಟ್ ಜೊತೆಗಿನ ಬಾಣದ ಕೀಲಿಗಳನ್ನು ಜೋಡಿಸಿ. ಮೂವ್‌ರೋಸ್ ಇರುವುದರಿಂದ ಹೊಸ ಕೋಡ್ ಬೇಡ: ಮೇಲೆ ಹೋಗಲು ಸ್ಥಾನ ಈಗಿನ ಸಾಲಿಗಿಂತ 1 ಕಡಿಮೆ, ಕೆಳಗೆ ಹೋಗಲು 2 ಹೆಚ್ಚು. 1 ಹೆಚ್ಚು ಕೊಟ್ಟರೆ ಏನೂ ಆಗುವುದಿಲ್ಲ, ಕಾರಣ ಮೇಲೆ ಹೇಳಿದ್ದೇ.

ಕೈಕೊಡುವ ಇನ್ನು ಕೆಲವು ಜಾಗಗಳು

ಕ್ಲಿಕ್ ಮಾಡಿದರೂ ಎಳೆತ ಶುರುವಾಗುತ್ತಿದ್ದರೆ ಕ್ಯೂಅಪ್ಲಿಕೇಷನ್‌ನ ಸೆಟ್‌ಸ್ಟಾರ್ಟ್‌ಡ್ರ್ಯಾಗ್‌ಡಿಸ್ಟೆನ್ಸ್ ಹೆಚ್ಚಿಸಿ. ಮೂಲ ಮೌಲ್ಯ ಸಾಮಾನ್ಯವಾಗಿ 10 ಪಿಕ್ಸೆಲ್. ಉದ್ದ ಪಟ್ಟಿ ಅಂಚಿನಲ್ಲಿ ಸರಿಯಲು ತಡಮಾಡಿದರೆ ಆಟೋಸ್ಕ್ರೋಲ್‌ಮಾರ್ಜಿನ್ ಅನ್ನು 16ರಿಂದ 30ರ ಸುಮಾರಿಗೆ ಏರಿಸಿ. ಇದೇ ಕೋಡನ್ನು ಕ್ಯೂಟೇಬಲ್‌ವ್ಯೂಗೆ ಒಯ್ದರೆ ಸೆಟ್‌ಡ್ರ್ಯಾಗ್‌ಡ್ರಾಪ್‌ಓವರ್‌ರೈಟ್‌ಮೋಡ್ ಅನ್ನು ಫಾಲ್ಸ್ ಮಾಡುವುದು ಕಡ್ಡಾಯ, ಟೇಬಲ್‌ನಲ್ಲಿ ಅದು ಹುಟ್ಟಿನಿಂದಲೇ ಟ್ರೂ. ಕನ್ನಡದ ಪಟ್ಟಿಯಾದರೆ ಸಾಲಿನ ಎತ್ತರವನ್ನು ಪಿಕ್ಸೆಲ್‌ಗಳಲ್ಲಿ ಕಟ್ಟಿಹಾಕದೆ ಫಾಂಟ್‌ಮೆಟ್ರಿಕ್ಸ್‌ನಿಂದ ಪಡೆಯಿರಿ. ಇಲ್ಲವಾದರೆ ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರ ಸಾಲಿನಲ್ಲೂ ಎಳೆಯುವ ನೆರಳಿನಲ್ಲೂ ಕತ್ತರಿಸಿಹೋಗುತ್ತದೆ.

ಎಳೆತ ನಡೆಯುತ್ತಿರುವಾಗ ವಿಂಡೋಸ್‌ನಲ್ಲಿ ಕ್ಯೂಟಿಯ ಇವೆಂಟ್ ಲೂಪ್ ನಿಂತಿರುತ್ತದೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಓಡುತ್ತಲೇ ಇರುತ್ತದೆ. ಹಾಗಾಗಿ ಸರ್ವರ್‌ನಿಂದ ಆಗಾಗ ಪಟ್ಟಿ ತರಿಸಿಕೊಂಡು ಮಾಡೆಲ್ ರೀಸೆಟ್ ಮಾಡುವ ಪ್ರೋಗ್ರಾಂ ವಿಂಡೋಸ್‌ನಲ್ಲಿ ಸರಿಯಾಗಿ ಕಂಡು, ಲಿನಕ್ಸ್‌ನಲ್ಲಿ ಎಳೆಯುತ್ತಿದ್ದ ಐಟಮ್ಮಿನ ಆಯ್ಕೆ ಕಳೆದುಕೊಳ್ಳಬಹುದು. ಎಳೆತ ಮುಗಿಯುವವರೆಗೆ ಬಂದ ಹೊಸ ಡೇಟಾವನ್ನು ಬದಿಗಿಟ್ಟು ಆಮೇಲೆ ಸೇರಿಸಿ. ಮಾಡೆಲ್ ಬರೆಯುವಷ್ಟು ದಿನ ಕ್ಯೂಅಬ್‌ಸ್ಟ್ರಾಕ್ಟ್‌ಐಟಮ್‌ಮಾಡೆಲ್‌ಟೆಸ್ಟರ್ ಅನ್ನು ಅದಕ್ಕೆ ಅಂಟಿಸಿಡಿ. ಬಿಗಿನ್, ಎಂಡ್ ಜೋಡಿಗಳಲ್ಲಿ ತಾಳ ತಪ್ಪಿದರೆ ಅದು ಆ ಕ್ಷಣವೇ ಹೇಳುತ್ತದೆ.