ಕಿಟ್ ಕೊಳ್ಳದೆ ಏರ್ ರೈಫಲ್ ಟ್ರಿಗರ್ ಸರಿ ಮಾಡಿದ ನನ್ನ ಅನುಭವ

ಹೊಸ ಟ್ರಿಗರ್ ಕಿಟ್ ಹಾಕದೆ ಈ ರೈಫಲ್ ಸರಿಹೋಗಲ್ಲ ಅಂತ ನನ್ನ ಜೊತೆ ಗುರಿಗೆ ಹೊಡೆಯುವವರೆಲ್ಲ ಒಂದೇ ಸಮನೆ ಹೇಳುತ್ತಿದ್ದರು. ಕಿಟ್ ಅಂದರೆ ಟ್ರಿಗರ್‌ನ ಬದಲಿ ಭಾಗಗಳ ಸೆಟ್, ಅದಕ್ಕೆ ಹೆಚ್ಚುಕಡಿಮೆ ರೈಫಲ್ ಬೆಲೆಯ ಮೂರನೇ ಒಂದು ಭಾಗ ಬೇಕು. ಕೊನೆಗೆ ಕೆಲಸ ಮುಗಿದಿದ್ದು ಒಂದು ಡಬ್ಬಿ ಪೆಲೆಟ್‌ಗಿಂತ (ಏರ್ ರೈಫಲ್ಲಿನ ಸಣ್ಣ ಗುಂಡು) ಕಡಿಮೆ ಖರ್ಚಿನಲ್ಲಿ. ಮಧ್ಯದ ಪ್ರಯೋಗಗಳಿಗೆ ಹೋದ ದುಡ್ಡು ಬೇರೆ, ಅದನ್ನು ಸೇರಿಸಿದರೂ ಅರ್ಧ ಕಿಟ್ ಆಗಲಿಲ್ಲ.

ನನ್ನದು ಬ್ಯಾರಲ್ ಮಡಚಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗ್ ಒತ್ತಿ ಹೊಡೆಯಲು ಸಿದ್ಧ ಮಾಡುವ, 4.5 ಎಂ.ಎಂ. ಸ್ಪ್ರಿಂಗ್ ರೈಫಲ್. ಹೊಡೆಯುವುದು 10 ಮೀಟರ್‌ಗೆ. ಟ್ರಿಗರ್ ಎಳೆದಷ್ಟೂ ಕರಕರ ಅನ್ನುತ್ತಿತ್ತು, ಯಾವಾಗ ಬಿಡುತ್ತದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಮೊದಲು ಅಳತೆ. ಟ್ರಿಗರ್ ಎಷ್ಟು ಭಾರಕ್ಕೆ ಬಿಡುತ್ತದೆ ಅಂತ ನೋಡುವ ಗೇಜ್ ತಗೊಳ್ಳಲಿಲ್ಲ. ರೈಫಲ್ಲನ್ನು ಬೆಂಚಿಗೆ ಬಿಗಿದು, ಬಾಯಿ ಗುರಿಯ ಕಡೆಗಿಟ್ಟು, ಟ್ರಿಗರ್‌ಗೆ ದಾರ ಕಟ್ಟಿ ಹಿಂದೆ ಸಣ್ಣ ರಾಟೆಯ ಮೇಲಿಂದ ಖಾಲಿ ಬಾಟಲಿ ಇಳಿಬಿಟ್ಟೆ. ಪೆಲೆಟ್ ತುಂಬಿಯೇ ಮಾಡಬೇಕು, ಖಾಲಿ ಹೊಡೆದರೆ ಗಾಳಿ ಒತ್ತುವ ಪಿಸ್ಟನ್ನಿನ ಸೀಲ್ ಹಾಳು, ಗೊತ್ತಲ್ವಾ. ನಿಧಾನಕ್ಕೆ ನೀರು ಸುರಿಯುತ್ತಾ ಹೋದರೆ ಹೊಡೆದ ಕ್ಷಣಕ್ಕೆ ಎಷ್ಟು ಲೀಟರೋ ಅಷ್ಟು ಕಿಲೋ. ಎರಡೂವರೆ ಲೀಟರ್ ಹತ್ತಿರ ಬಂತು. ತಲೆಕೆಡಿಸಿದ್ದು ಆ ಭಾರ ಅಲ್ಲ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ 300–400 ಎಂ.ಎಲ್. ವ್ಯತ್ಯಾಸ! ಭಾರದ ಟ್ರಿಗರ್‌ಗೆ ಬೆರಳು ಹೊಂದಿಕೊಳ್ಳುತ್ತದೆ, ದಿನಕ್ಕೊಂದು ಬುದ್ಧಿಯ ಟ್ರಿಗರ್‌ಗೆ ಹೊಂದಿಕೊಳ್ಳಲ್ಲ. ಎಲ್ಲರೂ ಹಗುರ ಮಾಡು ಅಂತಿದ್ದರು, ನಾನು ಒಂದೇ ಥರ ಮಾಡೋಣ ಅಂತ ಹೊರಟೆ.

ಆದರೂ ಟ್ರಿಗರ್‌ಗೆ ಹಗುರ ಸ್ಪ್ರಿಂಗ್ ಹಾಕಿ ನೋಡದೆ ಬಿಡಲಿಲ್ಲ. ಪೆನ್ನಿನ ಸ್ಪ್ರಿಂಗ್‌ಗೆ ಟ್ರಿಗರ್ ವಾಪಸ್ ಬರಲೇ ಇಲ್ಲ. ಅಂಗಡಿಯಿಂದ ತಂದ ಮೂರ್ನಾಲ್ಕು ಅಳತೆಯ ಸ್ಪ್ರಿಂಗ್‌ಗಳಲ್ಲಿ ಒಂದು ಮಾತ್ರ ಕೂತಿತು, ಉಳಿದವು ಡಬ್ಬಿ ಸೇರಿದವು. ಪೆನ್ಸಿಲ್ ಸೀಸದ ಪುಡಿಯನ್ನೂ ಹಾಕಿದೆ. ಕೆಲವು ದಿನ ಬೆಣ್ಣೆ, ಆಮೇಲೆ ಎಣ್ಣೆ ಜೊತೆ ಸೇರಿ ಕೆಸರು.

ಫಲ ಕೊಟ್ಟಿದ್ದು ಪಿನ್‌ಗಳು, ಅಂದರೆ ಟ್ರಿಗರ್ ಭಾಗಗಳು ತಿರುಗುವ ಸಣ್ಣ ಕಡ್ಡಿಗಳು. ಎಲ್ಲರೂ ನೇರ ಸಿಯರ್‌ಗೆ, ಅಂದರೆ ಪಿಸ್ಟನ್ನನ್ನು ಹಿಡಿದಿಟ್ಟು ಟ್ರಿಗರ್ ಎಳೆದಾಗ ಬಿಡುವ ಕೊಕ್ಕೆಗೆ, ಕೈಹಾಕುತ್ತಾರೆ. ನಾನು ಮೊದಲು ಪಿನ್‌ಗಳನ್ನು 1000, ಆಮೇಲೆ 1500ರ ಉಪ್ಪು ಕಾಗದದಲ್ಲಿ ಉಜ್ಜಿ, ಪಾಲಿಶ್ ಪೇಸ್ಟ್ ಹಾಕಿ ಕನ್ನಡಿ ಥರ ಮಾಡಿದೆ. ಸ್ಪ್ರಿಂಗ್ ತಾಗುವ ಜಾಗ, ಟ್ರಿಗರ್ ಪಕ್ಕದ ಗೋಡೆ, ಎಲ್ಲವೂ. ಪಕ್ಕಕ್ಕೆ ಅಲುಗಾಡುವುದಕ್ಕೆ ತೆಳು ಹಿತ್ತಾಳೆ ತಗಡಿನ ವಾಷರ್ ಕತ್ತರಿಸಿ ಹಾಕಿದೆ. ಇಷ್ಟಕ್ಕೇ ಕರಕರ ಮುಕ್ಕಾಲು ಪಾಲು ಹೋಯಿತು. ಸಿಯರ್‌ನ ಕಚ್ಚುವ ಮುಖಕ್ಕೆ ಗಾಜಿನ ಮೇಲೆ ಕಾಗದ ಇಟ್ಟು ಹೊಳಪಷ್ಟೇ ಕೊಟ್ಟೆ, ಕೋನ ಮುಟ್ಟಲಿಲ್ಲ. ಮೇಲಿನ ಗಟ್ಟಿ ಪದರ ತುಂಬಾ ತೆಳು, ಅದು ಸವೆದರೆ ಒಳಗಿನ ಮೆತ್ತನೆ ಲೋಹ ಬೇಗ ತಿಂದುಹೋಗುತ್ತದೆ. ಗ್ರೀಸ್ ಮಾಲಿಬ್ಡಿನಮ್‌ನದು, ಅದರ ಜೊತೆ ಏನು ಎಷ್ಟು ಬೆರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕಚ್ಚು, ಅಂದರೆ ಸಿಯರ್ ಎಷ್ಟು ಆಳಕ್ಕೆ ಕಚ್ಚಿ ಹಿಡಿದಿದೆ ಅನ್ನುವುದನ್ನು ಕಡಿಮೆ ಮಾಡುವ ಸ್ಕ್ರೂ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜಾಸ್ತಿ ತಿರುಗಿಸಿ ಕಚ್ಚು ಕೂದಲೆಳೆಯಷ್ಟು ಉಳಿದರೆ, ಬ್ಯಾರಲ್ ತೆರೆದಿರುವಾಗಲೇ ಸಿಯರ್ ಬಿಟ್ಟುಬಿಡಬಹುದು. ಆಗ ಬ್ಯಾರಲ್ ಪಟ್ಟಂತ ಮೇಲೆ ಬಂದು ಬೆರಳು ಹೋಗುತ್ತದೆ, ಬ್ಯಾರಲ್ಲೂ ಬಾಗುತ್ತದೆ. ಪೆಲೆಟ್ ಹಾಕುವಾಗ ಇನ್ನೊಂದು ಕೈ ಬ್ಯಾರಲ್ ಬಿಡಲೇಬಾರದು. ಜೋಡಿಸಿದ ಮೇಲೆ ಕಾಕ್ ಮಾಡಿ, ಬಾಯಿ ಗುರಿಯ ಕಡೆಗೇ ಇಟ್ಟು, ರಬ್ಬರ್ ಸುತ್ತಿಗೆಯಿಂದ ಹಿಡಿಕೆಯನ್ನು ಎಲ್ಲಾ ಕಡೆ ಬಡಿದು ನೋಡಿದೆ. ಒಂದು ಸಲ ತಾನಾಗಿ ಹಾರಿದರೂ ಸ್ಕ್ರೂ ವಾಪಸ್, ಚೌಕಾಸಿ ಇಲ್ಲ.

ಈಗ ಬಾಟಲಿ 1.15 ಲೀಟರ್ ಹತ್ತಿರ ಹೇಳುತ್ತದೆ, ವ್ಯತ್ಯಾಸ 50 ಎಂ.ಎಲ್. ಒಳಗೆ. ಐದು ಪೆಲೆಟ್‌ಗಳ ಗುಂಪು, ಅಂದರೆ ಗುರಿಯಲ್ಲಿ ತೂತುಗಳು ಹರಡಿದ ಅಗಲ, ಸುಮಾರು 20 ಎಂ.ಎಂ. ಇದ್ದದ್ದು 12ರ ಆಸುಪಾಸಿಗೆ ಬಂದಿದೆ. ಕಿಟ್ ಹಾಕಿಸಿಕೊಂಡವರ ಗುಂಪೂ ನೋಡಿದ್ದೇನೆ, ಹೇಳಿಕೊಳ್ಳುವಂಥದ್ದೇನಿಲ್ಲ.

ಇನ್ನೊಂದು, ಸುಮ್ನೆ ಮಾಡಿ ನೋಡಿದ್ದು: ಟ್ರಿಗರ್ ಮೇಲೆ ಅಗಲವಾದ ಅಲ್ಯೂಮಿನಿಯಂ ಪಟ್ಟಿ ಕೂರಿಸಿದೆ. ಬಾಟಲಿಯ ಲೆಕ್ಕ ಬದಲಾಗಲಿಲ್ಲ, ಆದರೆ ಒತ್ತಡ ಹರಡಿಕೊಂಡು ಬೆರಳಿಗೆ ಅರ್ಧ ಹಗುರ ಅನ್ನಿಸುತ್ತದೆ. ಮತ್ತೆ, ಟ್ರಿಗರ್ ಬಿಚ್ಚುವ ಮೊದಲು ಹಿಡಿಕೆಯ ಸ್ಕ್ರೂ ಬಿಗಿ ನೋಡಿ. ಸ್ಪ್ರಿಂಗ್ ರೈಫಲ್ಲಿನ ಒದೆತಕ್ಕೆ ಅವು ಸಡಿಲ ಆಗುತ್ತಲೇ ಇರುತ್ತವೆ, ಬೈಗುಳ ಮಾತ್ರ ಟ್ರಿಗರ್‌ಗೆ.